ಕೂಸಿನ ಕಾರ್ ಸೀಟು: ದಂಡ ತಪ್ಪಿಸಲು ಬೇಕಾದ್ದು ಎಷ್ಟು, ಕೂಸಿಗೆ ಬೇಕಾದ್ದು ಎಷ್ಟು?

(ಈ ವಾರ ಗುಂಪಿನವರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ನಮ್ಮ ಬೆಳಗಾವಿಯವರೇ. ಪುಣೆಯಲ್ಲಿ ಕಾರಿನ ಸೀಟು, ಬೆಲ್ಟುಗಳ ಸುರಕ್ಷತಾ ಪರೀಕ್ಷೆ ಮಾಡುವ ಎಂಜಿನಿಯರ್.)

ಪ್ರಶ್ನೆ, ಟಿಳಕವಾಡಿ, ಬೆಳಗಾವಿ: ನಮಸ್ಕಾರ ಸರ್. ಮಗಳಿಗೆ 14 ತಿಂಗಳು, ತೂಕ 9 ಕೆಜಿ ದಾಟಿದೆ. ಅಮೆರಿಕದಲ್ಲಿರುವ ನನ್ನ ಮೈದುನ ಮುಂದಿನ ತಿಂಗಳು ಬರುತ್ತಿದ್ದಾನೆ, ತನ್ನ ಮಗನ ಕಾರ್ ಸೀಟನ್ನೇ ತಂದುಕೊಡುತ್ತೇನೆ ಅನ್ನುತ್ತಾನೆ. ದುಬಾರಿ ಸೀಟಂತೆ. ಆದರೆ ಅಲ್ಲಿನ ಸೀಟು ಇಲ್ಲಿ ನಡೆಯುವುದಿಲ್ಲ, ಪೊಲೀಸರು ಹಿಡಿದರೆ ದಂಡ ಬೀಳುತ್ತದೆ ಅಂತ ನಮ್ಮ ಯಜಮಾನರು. ಮೇಲಾಗಿ ನಮ್ಮ ಕಾನೂನಿಗೆ ಬೆಲ್ಟ್ ಹಾಕಿದರೆ ಸಾಕು, ಸುಮ್ನೆ ಈ ಸೀಟೆಲ್ಲ ಯಾಕೆ ಅನ್ನುತ್ತಾರೆ. ತಿಂಗಳಿಗೆ ಎರಡು ಸಲ ವಿಜಯಪುರಕ್ಕೆ ನನ್ನ ತವರಿಗೆ ಹೋಗುತ್ತೇವೆ. ಇಲ್ಲಿಯವರೆಗೆ ಕೂಸು ಅತ್ತೆಯವರ ತೊಡೆ ಮೇಲೆಯೇ ಕೂತು ಬಂದಿದೆ.

ಉತ್ತರ: ಅಕ್ಕಾ, ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. ಆಗ 194ಬಿ ಕಲಂ ಸೇರಿತು. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದ ಅಥವಾ ಮಕ್ಕಳ ಸೀಟಿನಿಂದ ಭದ್ರ ಮಾಡದೆ ಗಾಡಿ ಓಡಿಸಿದರೆ 1000 ರೂಪಾಯಿ ದಂಡ ಅಂತ ಅದರಲ್ಲಿದೆ. ಯಾವ ದೇಶದ ಮುದ್ರೆ ಇರುವ ಸೀಟು ಅಂತ ಆ ಕಲಮಿನಲ್ಲಿ ಬರೆದಿಲ್ಲ. ಹಾಗಾಗಿ ಅಮೆರಿಕದ ಸೀಟು ಅನ್ನುವ ಕಾರಣಕ್ಕೆ ದಂಡ ಬೀಳುತ್ತದೆ ಅನ್ನುವ ಹೆದರಿಕೆ ಬೇಡ. ತೊಡೆ ಮೇಲೆ ಕೂತ ಕೂಸಿಗೆ ಮಾತ್ರ ಆ ದಂಡ ಖಂಡಿತ ಅನ್ವಯಿಸುತ್ತದೆ, ಇದನ್ನು ಯಜಮಾನರಿಗೆ ಹೇಳಿ.

ಬೆಲ್ಟ್ ಹಾಕಿದರೆ ಸಾಕು ಅನ್ನುವುದು ಕಾಗದದ ಮೇಲೆ ಸರಿಯೇ, ಕಲಮಿನಲ್ಲಿ 'ಅಥವಾ' ಅಂತ ಇದೆಯಲ್ಲ. ಆದರೆ ಕಾರಿನ ಬೆಲ್ಟ್ ದೊಡ್ಡವರ ಮೈಗೆ ಅಳೆದು ಮಾಡಿದ್ದು. ಅದು ಹೆಗಲ ಮೇಲೆ, ಎದೆಯ ಮೇಲೆ, ಸೊಂಟದ ಮೂಳೆಯ ಮೇಲೆ ಹಾದು ಹೋಗಬೇಕು. 14 ತಿಂಗಳ ಕೂಸಿಗೆ ಹಾಕಿ ನೋಡಿ, ಮೇಲಿನ ಪಟ್ಟಿ ಕುತ್ತಿಗೆಗೆ ಬರುತ್ತದೆ, ಕೆಳಗಿನದು ಹೊಟ್ಟೆಗೆ. ಗುದ್ದಿದಾಗ ಆ ಬೆಲ್ಟೇ ಗಾಯ ಮಾಡುತ್ತದೆ. ದಂಡ ತಪ್ಪುತ್ತದೆ, ಕೂಸಿಗೆ ಏನೂ ಉಪಯೋಗ ಇಲ್ಲ.

ಅತ್ತೆಯವರ ತೊಡೆಯ ವಿಷಯ. ಅವರ ಪ್ರೀತಿ ದೊಡ್ಡದು, ಹಿಡಿತವೂ ಗಟ್ಟಿಯೇ ಇರಬಹುದು. ಆದರೆ ಕಾರು 50 ಕಿ.ಮೀ ವೇಗದಲ್ಲಿ ಗುದ್ದಿ ನಿಂತ ಆ ಕ್ಷಣದಲ್ಲಿ 10 ಕೆಜಿ ಕೂಸು 200 ಕೆಜಿಯ ಮೂಟೆಯಂತೆ ಮುಂದಕ್ಕೆ ಎಳೆಯುತ್ತದೆ. ಯಾರ ಕೈಯೂ ತಡೆಯುವುದಿಲ್ಲ. ಪರೀಕ್ಷೆಯ ವಿಡಿಯೋಗಳನ್ನು ನಿಧಾನಕ್ಕೆ ಓಡಿಸಿ ನೋಡುವುದು ನನ್ನ ಕೆಲಸ. ಕಾರುಗಳ ಸುರಕ್ಷತೆ ಅಳೆದು ಸ್ಟಾರ್ ಕೊಡುವ ನಮ್ಮ ದೇಶದ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರಿಂದ ಇದೆ, ಅದರಲ್ಲಿ 64 ಕಿ.ಮೀ ವೇಗದಲ್ಲಿ ಕಾರನ್ನು ಗುದ್ದಿಸುತ್ತಾರೆ, ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನಂಥ ಬೊಂಬೆಗಳನ್ನು ಮಕ್ಕಳ ಸೀಟಿನಲ್ಲೇ ಕೂರಿಸುತ್ತಾರೆ. ಮಕ್ಕಳ ಸುರಕ್ಷತೆಗೆ ಕಾರಿಗೆ ಎಷ್ಟು ಸ್ಟಾರ್ ಬಂದರೂ ಆ ಅಂಕ ಸೀಟಿನಲ್ಲಿ ಕೂತ ಮಗುವಿನದು. ತೊಡೆಯ ಮೇಲಿನ ಮಗುವಿಗೆ ಆ ಸ್ಟಾರ್ ಲೆಕ್ಕಕ್ಕಿಲ್ಲ. ನಿಮ್ಮ ದಾರಿ ನನಗೂ ಗೊತ್ತು, ಯರಗಟ್ಟಿ, ಲೋಕಾಪುರ, ಬಾಗಲಕೋಟೆ, ಕೊಲ್ಹಾರ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಎರಡು ಟ್ರೇಲರ್ ಕಟ್ಟಿಕೊಂಡು ಹಿಂದೆ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಹತ್ತಿರ ಬಂದಾಗಲೇ ಕಾಣುತ್ತದೆ, ನಾನೂ ಎಷ್ಟೋ ಸಲ ಜೋರಾಗಿ ಬ್ರೇಕ್ ಒತ್ತಿದ್ದೇನೆ.

ಈಗ ಅಮೆರಿಕದ ಸೀಟು. ನನ್ನ ಚಿಂತೆ ಪೊಲೀಸರದ್ದಲ್ಲ, ಬೆಲ್ಟಿನದ್ದು. ಅಲ್ಲಿನ ಕಾರುಗಳ ಹಿಂದಿನ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಲಾಕ್ ಆಗಿ ಬಿಗಿಯಾಗಿಯೇ ನಿಲ್ಲುತ್ತದೆ. ಅಲ್ಲಿನ ಎಷ್ಟೋ ಸೀಟುಗಳು ಅದನ್ನು ನಂಬಿಕೊಂಡೇ ಇರುತ್ತವೆ. ನಮ್ಮ ಕಾರುಗಳ ಬೆಲ್ಟ್ ಸಾಮಾನ್ಯವಾಗಿ ಜರ್ಕ್ ಹೊಡೆದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲ. ಅಂಥ ಬೆಲ್ಟಿನಲ್ಲಿ ಆ ಸೀಟು ಅಲ್ಲಾಡುತ್ತಲೇ ಇರುತ್ತದೆ. ಸೀಟಿನಲ್ಲೇ ಬೆಲ್ಟ್ ಹಿಡಿಯುವ ಲಾಕ್ ಇದ್ದರೆ ಸರಿ. ಅಥವಾ ನಿಮ್ಮ ಕಾರಿನಲ್ಲಿ ಐಸೋಫಿಕ್ಸ್ ಕಂಬಿ, ಅಂದರೆ ಮಕ್ಕಳ ಸೀಟು ಸಿಕ್ಕಿಸಲೆಂದೇ ಕೂರಿಸಿದ ಕಂಬಿ ಇದ್ದರೆ ಅಮೆರಿಕದ ಸೀಟಿನ ಕೊಂಡಿ ಅದಕ್ಕೇ ಕೂರುತ್ತದೆ, ಆದರೆ ಎಷ್ಟು ತೂಕದವರೆಗೆ ಅಂತ ಸೀಟಿನ ಮೇಲೆ ಬರೆದದ್ದನ್ನು ಓದಿ.

ಅದು ಬಳಸಿದ ಸೀಟು ಬೇರೆ. ಯಾವಾಗಲಾದರೂ ಆಕ್ಸಿಡೆಂಟ್ ಕಂಡಿದೆಯಾ ಅಂತ ಮೈದುನನನ್ನು ಕೇಳಿ. ಕಂಡಿದ್ದರೆ ಬೇಡವೇ ಬೇಡ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪ್ಲಾಸ್ಟಿಕ್ ಸೀಳಿರಬಹುದು. ಸೀಟಿನ ಕೆಳಗೆ ಅಥವಾ ಹಿಂದೆ ತಯಾರಾದ ದಿನಾಂಕ, ಎಷ್ಟು ವರ್ಷ ಬಳಸಬಹುದು ಅನ್ನುವುದು ಇರುತ್ತದೆ, ಅದರ ಫೋಟೋ ತರಿಸಿಕೊಳ್ಳಿ.

ಟಿಳಕವಾಡಿ: ಐಸೋಫಿಕ್ಸ್ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಸರ್?

ಉತ್ತರ: ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ಸಂದಿಯಲ್ಲಿ ಬೆರಳು ಹಾಕಿ. 28 ಸೆಂ.ಮೀ ಅಂತರದಲ್ಲಿ ಎರಡು ಗಟ್ಟಿ ಕಬ್ಬಿಣದ ಕಂಬಿ ಸಿಗಬೇಕು.

ಪ್ರಶ್ನೆ, ನವನಗರ, ಬಾಗಲಕೋಟೆ: ಅಣ್ಣಾ, ನಾವು ಸೀಟು ತಗೊಂಡಿದ್ದೇವೆ. ಮಗನಿಗೆ 16 ತಿಂಗಳು. ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ ಒಂದೇ ಸಮನೆ ಅಳುತ್ತಾನೆ. ಯಾವ ಕಡೆ ಮುಖ ಇರಬೇಕು ಅಂತ ನಮ್ಮ ಕಾನೂನಿನಲ್ಲಿ ಇಲ್ಲವಲ್ಲ, ಮುಂದಕ್ಕೆ ತಿರುಗಿಸಿಬಿಡಲಾ? ಬನಶಂಕರಿ ಜಾತ್ರೆಗೆ ಹೋಗುವುದಿದೆ, ದಾರಿಯುದ್ದಕ್ಕೂ ಅತ್ತರೆ ನನ್ನ ಹೆಂಡತಿ ಮತ್ತೆ ತೊಡೆಗೆ ಎತ್ತಿಕೊಳ್ಳುತ್ತಾಳೆ.

ಉತ್ತರ: ತೊಡೆಗಿಂತ ಮುಂದಕ್ಕೆ ಮುಖ ಮಾಡಿದ ಸೀಟು ಎಷ್ಟೋ ಪಾಲು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಇನ್ನೊಂದಿಷ್ಟು ದಿನ ತಡೆಯಪ್ಪಾ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕುತ್ತಿಗೆಯ ಮೂಳೆ ಇನ್ನೂ ಬಲಿತಿರುವುದಿಲ್ಲ. ಎದುರಿಗೆ ಗುದ್ದಿದಾಗ ಮುಂದಕ್ಕೆ ಮುಖ ಮಾಡಿದ ಮಗುವಿನ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆಯನ್ನು ಹಿಡಿಯುವವರು ಯಾರೂ ಇಲ್ಲ, ಅಷ್ಟೂ ಜಗ್ಗಾಟ ಕುತ್ತಿಗೆಗೆ. ಹಿಂದಕ್ಕೆ ಮುಖ ಮಾಡಿದರೆ ತಲೆ, ಕುತ್ತಿಗೆ, ಬೆನ್ನು ಒಟ್ಟಿಗೆ ಸೀಟಿಗೆ ಒರಗುತ್ತವೆ. ಯುರೋಪಿನ ಆರ್129 ನಿಯಮದ ಸೀಟುಗಳಲ್ಲಿ 15 ತಿಂಗಳು ದಾಟುವವರೆಗೆ ಮುಂದಕ್ಕೆ ತಿರುಗಿಸುವ ಹಾಗೇ ಇಲ್ಲ, ಅದೂ ಕನಿಷ್ಠ ಮಾತ್ರ. ಸ್ವೀಡನ್‌ನಲ್ಲಿ ನಾಲ್ಕು ವರ್ಷದವರೆಗೆ ಮಕ್ಕಳನ್ನು ಹಿಂದಕ್ಕೇ ಕೂರಿಸುತ್ತಾರೆ. ಅಲ್ಲಿನ ಕಾನೂನು ಅಷ್ಟು ಕೇಳುವುದಿಲ್ಲ, 135 ಸೆಂ.ಮೀ ಎತ್ತರ ಆಗುವವರೆಗೆ ಮಕ್ಕಳಿಗೆ ತಕ್ಕ ಸೀಟು ಇರಬೇಕು ಅನ್ನುತ್ತದೆ. ಉಳಿದದ್ದು ಅಪ್ಪ ಅಮ್ಮಂದಿರೇ ತಿಳಿದುಕೊಂಡು ಮಾಡುವುದು.

ಸೀಟಿನಲ್ಲಿ ಬರೆದ ತೂಕ, ಎತ್ತರದ ಮಿತಿ ಮುಗಿಯುವವರೆಗೆ ಹಿಂದಕ್ಕೇ ಇರಲಿ. ಅಳುವುದಕ್ಕೆ ಎಷ್ಟೋ ಸಲ ಸೆಕೆ ಕಾರಣ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಕಲ್ ಮುಟ್ಟಿ ನೋಡಿ, ಚುರ್ ಅನ್ನುತ್ತದೆ. ನಿಲ್ಲಿಸುವಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿ, ಹೊರಡುವ ಮುಂಚೆ ಎಸಿ ಹಾಕಿ ತಂಪು ಮಾಡಿ. ಹೆಂಡತಿ ಹಿಂದೆ ಪಕ್ಕದಲ್ಲೇ ಕೂರಲಿ. ಮೊದಲ ದಿನವೇ ಜಾತ್ರೆಗೆ ಹೊರಡಬೇಡಿ, ನವನಗರದಲ್ಲೇ ದಿನಾ ಹತ್ತು ನಿಮಿಷ ಸುತ್ತಿಸಿ ರೂಢಿ ಮಾಡಿ.

ಮಗ ಅಳುತ್ತಾನೆ ಅಂತ ಆ ಸೀಟನ್ನು ಹಿಂದಕ್ಕೆ ಮುಖ ಮಾಡಿ ಡ್ರೈವರ್ ಪಕ್ಕದಲ್ಲಿ ಮಾತ್ರ ಇಡಬೇಡಿ. ಮುಂದಿನ ಏರ್‌ಬ್ಯಾಗ್ ಬಿಚ್ಚಿಕೊಂಡರೆ ನೇರ ಸೀಟಿನ ಬೆನ್ನಿಗೆ ಹೊಡೆಯುತ್ತದೆ. ಮಗುವಿನ ಜೀವ ಹೋಗುತ್ತದೆ.

ಪ್ರಶ್ನೆ, ವಿಜಯಪುರ: ಸರ್, ನಮ್ಮ ಯಜಮಾನರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಎರಡು ವರ್ಷ. ಇಲ್ಲಿ ತಗೊಂಡ ಸೀಟಿನ ಮೇಲೆ ಯುರೋಪಿನ ಕಿತ್ತಳೆ ಬಣ್ಣದ ಲೇಬಲ್ ಇದೆ, ಒಳ್ಳೆಯ ಸೀಟು. ತಗೊಂಡು ಹೋಗಲಾ?

ಉತ್ತರ: ಬೇಡ ತಂಗಿ. ಸೀಟು ಒಳ್ಳೆಯದೇ, ಆದರೆ ಅಲ್ಲಿ ರಸ್ತೆಗೆ ತಂದರೆ ಕಾನೂನುಬಾಹಿರ. ಆಸ್ಟ್ರೇಲಿಯಾದಲ್ಲಿ ಎಎಸ್/ಎನ್‌ಜೆಡ್‌ಎಸ್ 1754 ಮುದ್ರೆ ಇರುವ ಸೀಟನ್ನೇ ಬಳಸಬೇಕು. ಅಮೆರಿಕದಲ್ಲೂ ಹಾಗೇ, ಅವರದೇ ಎಫ್‌ಎಂವಿಎಸ್‌ಎಸ್ 213 ಮಾನದಂಡದ ಸೀಟು ಬೇಕು. ಬ್ರಿಟನ್‌ನಲ್ಲಿ ಮಾತ್ರ ನಿಮ್ಮ ಕಿತ್ತಳೆ ಲೇಬಲ್ ನಡೆಯುತ್ತದೆ. ಇಷ್ಟು ಒಳ್ಳೆಯ ಸೀಟಿಗೆ ಯಾಕೆ ಈ ತಕರಾರು ಅನಿಸಬಹುದು. ಆದರೆ ಅಲ್ಲಿ ಪರೀಕ್ಷೆಯೂ ಬೇರೆ, ಕಟ್ಟುವ ಕ್ರಮವೂ ಬೇರೆ, ಸೀಟಿನ ತಲೆಯ ಹತ್ತಿರದಿಂದ ಕಾರಿನ ಹಿಂಭಾಗಕ್ಕೆ ಇನ್ನೊಂದು ಪಟ್ಟಿ ಬಿಗಿಯಲೇಬೇಕು.

ಅಲ್ಲಿ 6 ತಿಂಗಳವರೆಗೆ ಹಿಂದಕ್ಕೇ ಮುಖ, ಅಲ್ಲಿಂದ 4 ವರ್ಷದವರೆಗೆ ಯಾವ ಕಡೆಯಾದರೂ ಸರಿ, ಆದರೆ ಮಗುವಿನ ಮೈ ಹಿಡಿಯುವ ಪಟ್ಟಿ ತನ್ನಲ್ಲೇ ಇರುವ ಸೀಟೇ ಆಗಬೇಕು. ನೀವು ಹಿಂದಕ್ಕೇ ಕೂರಿಸುವಂಥದ್ದು ತಗೊಳ್ಳಿ. ಅಲ್ಲಿನ ಸೀಟಿನಲ್ಲಿ ಭುಜದ ಎತ್ತರಕ್ಕೆ ಗೆರೆ ಹಾಕಿರುತ್ತಾರೆ, ಭುಜ ಆ ಗೆರೆ ದಾಟಿದೆಯಾ ಅಂತ ನೋಡಿದರೆ ಆಯಿತು. ಇಲ್ಲಿನ ಸೀಟನ್ನು ಇಲ್ಲೇ ಯಾರಾದರೂ ನಂಟರಿಗೆ ಕೊಟ್ಟು ಹೋಗಿ, ಜೊತೆಗೆ ಅದರ ಪುಸ್ತಕವನ್ನೂ ಕೊಡಿ.

ಟಿಳಕವಾಡಿ: ಸರ್, ಮೈದುನ ಫೋಟೋ ಕಳಿಸಿದ. ಸೀಟಿನ ಅವಧಿ ಬರುವ ಮಾರ್ಚ್‌ಗೆ ಮುಗಿಯುತ್ತದೆ. ನಮ್ಮ ಕಾರಿನಲ್ಲಿ ಕಂಬಿಯೂ ಇಲ್ಲ. ಇಲ್ಲೇ ಹೊಸದು ತಗೊಳ್ಳುತ್ತೇವೆ, ಯಜಮಾನರೂ ಒಪ್ಪಿದ್ದಾರೆ. ಏನು ನೋಡಿ ತಗೊಳ್ಳಲಿ?

ಉತ್ತರ: ಒಳ್ಳೆಯದಾಯಿತು ಅಕ್ಕಾ. ನಮ್ಮ ದೇಶದ ಎಐಎಸ್ 072, ಯುರೋಪಿನ ಆರ್44 ಅಥವಾ ಆರ್129, ಈ ಮೂರರಲ್ಲಿ ಒಂದು ಮುದ್ರೆ ಇರಬೇಕು. ಬೆಲ್ಟಿನಿಂದ ಕಟ್ಟುವಂಥದ್ದೇ ಕೇಳಿ, ಐಸೋಫಿಕ್ಸ್ ಮಾತ್ರ ಇರುವುದು ನಿಮ್ಮ ಕಾರಿಗೆ ಆಗುವುದಿಲ್ಲ. ದುಡ್ಡು ಕೊಡುವ ಮುಂಚೆ ನಿಮ್ಮ ಕಾರಿನಲ್ಲೇ ಕಟ್ಟಿಸಿ ನೋಡಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಬೆಳಗಾವಿಯ ಚಳಿಗೆ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಪಟ್ಟಿ ಬಿಗಿಯಬೇಡಿ, ಒಳಗೆ ಸಡಿಲ ಉಳಿಯುತ್ತದೆ. ಪಟ್ಟಿ ಬಿಗಿದ ಮೇಲೆ ಶಾಲು ಹೊದಿಸಿ. ಸೀಟು ಬಂದ ದಿನ ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಬೆಲ್ಟ್ ಸರಿಯಾದ ದಾರಿಯಲ್ಲಿ ಹೋಗಿದೆಯಾ ನೋಡಿ ಹೇಳುತ್ತೇನೆ.