ಮಲಪ್ರಭಾ ಹೊಳಿ ಗುಂಟ ಪಾದಯಾತ್ರೆ: ಬಾದಾಮಿಯಿಂದ ಕೂಡಲಸಂಗಮ, 40 ಮಂದಿ, 5 ದಿನ ಸಾಕಾ?

ಹೊಳಿದಂಡಿ:

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯವರು ಸೇರಿ ಡಿಸೆಂಬರ್ ಮೂರನೇ ವಾರ ಬಾದಾಮಿಯಿಂದ ಕೂಡಲಸಂಗಮದ ತನಕ ಹೊಳಿ ದಂಡಿ ಹಿಡಿದು ನಡೆಯೋದಂತ ಮಾತಾಡೀವಿ. ಹರಕೆಯ ಯಾತ್ರೆ ಅಲ್ಲ. ಹೊಳಿ ನೋಡೋದು, ದಂಡಿ ಮ್ಯಾಲಿನ ಊರವರ ಜೊತೆ ಸಂಜೀಕ ಕುಂತು ಮಾತಾಡೋದು, ಅಷ್ಟೇ. 40 ಮಂದಿ. ಅದರಾಗ 12 ದಾಟಿದ ಹುಡುಗರು ಎಂಟು, 60 ದಾಟಿದವರು ಆರು, ಹೆಣ್ಣುಮಕ್ಕಳು ಅರ್ಧಕ್ಕರ್ಧ. ದಿನಕ್ಕ 20 ಕಿ.ಮೀ.ನಂಗ 5 ದಿನ ಅಂತ ಲೆಕ್ಕ ಹಾಕೀವಿ. ದಾರಿ, ವಸ್ತಿ, ಊಟ, ನೀರು ಹೆಂಗ ಮಾಡಬೇಕು? ಹೊಳಿ ಎಲ್ಲೆಲ್ಲಿ ದಾಟಬಹುದು? ತಿಳಿದವರು ಹೇಳ್ರಿ.

ಹೆಜ್ಜೆಲೆಕ್ಕ:

5 ದಿನ ಸಾಲದು, 6 ಇಟ್ಟುಕೊಳ್ಳಿ. ದಿನಕ್ಕೆ 20 ಅನ್ನೋದನ್ನೂ ಬಿಡಿ. ಲೆಕ್ಕ ಶುರುವಾಗಬೇಕಾದ್ದು ದೂರದಿಂದಲ್ಲ, ಸಾಲಿನ ಕೊನೆಯಲ್ಲಿ ನಡೆಯುವವರಿಂದ. ಒಬ್ಬರೇ ನಡೆದರೆ ತಾಸಿಗೆ 5 ಕಿ.ಮೀ. ಆಗುತ್ತದೆ. 40 ಮಂದಿಯ ಸಾಲು ನೀರು ಕುಡಿಯಲು, ಚಪ್ಪಲಿ ಸರಿ ಮಾಡಿಕೊಳ್ಳಲು, ಯಾರೋ ಹಿಂದುಳಿದರೆಂದು ನಿಂತು ನಿಂತು ತಾಸಿಗೆ 3 ದಾಟುವುದಿಲ್ಲ. ಡಿಸೆಂಬರ್‌ನಲ್ಲಿ ಹೊತ್ತು ಮೂಡುವುದೇ 7ರ ಹತ್ತಿರ, ಮುಳುಗುವುದು 6ರ ಸುಮಾರಿಗೆ. ಬೆಳಕು ಹರಿದ ಕೂಡಲೇ ಹೊರಟು 12ರೊಳಗೆ ವಸ್ತಿ ಊರು ಸೇರಿದರೆ ಸುಮಾರು 15 ಕಿ.ಮೀ. ಸಿಗುತ್ತದೆ. ಮಧ್ಯಾಹ್ನದ ಮೇಲೆ ನಡೆಯುವ ಯೋಜನೆಯನ್ನೇ ಮಾಡಬೇಡಿ. ಊರವರ ಜೊತೆ ಕೂತು ಮಾತಾಡಬೇಕು ಅಂದಿರಲ್ಲ, ಸುಸ್ತಾಗಿ ಬಂದು ಮಲಗುವವರ ಹತ್ತಿರ ಯಾರು ಮಾತಾಡುತ್ತಾರೆ?

ದಾರಿ ಹೀಗೆ ಹಂಚಬಹುದು. ಮೊದಲ ದಿನ ಬಾದಾಮಿ, ಅಲ್ಲಿಂದ 5 ಕಿ.ಮೀ. ಬನಶಂಕರಿ, ಮುಂದೆ ಹೊಳೆದಂಡೆಯ ಶಿವಯೋಗಮಂದಿರದ ಕಡೆ ವಸ್ತಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಒಟ್ಟು 22 ಕಿ.ಮೀ. ಇರುವುದರಿಂದ ಎರಡನೇ ದಿನ ಹಗುರ. ಉಳಿದ ಹೊತ್ತಿನಲ್ಲಿ ಮಹಾಕೂಟಕ್ಕೆ ಅಡ್ಡ ಹೋಗಿ ಬರಬಹುದು, ಒರತೆಯ ಪುಷ್ಕರಣಿ ಇದೆ. ಚಾಲುಕ್ಯ ಅರಸ ಮಂಗಳೇಶನ ಸ್ತಂಭ ಶಾಸನ ನೋಡುವ ಆಸೆಯಿಂದ ಮಾತ್ರ ಹೋಗಬೇಡಿ, ಅದು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಮೂರನೇ ದಿನ ಐಹೊಳೆ, ರಸ್ತೆಯ ಮೇಲೆ 13 ಕಿ.ಮೀ. ಆಸುಪಾಸು. ನಾಲ್ಕನೇ ದಿನ ಕಮತಗಿ. ಕಮತಗಿಯಿಂದ ಸಂಗಮ ಒಂದೇ ದಿನಕ್ಕೆ ಆಗುವ ಮಾತಲ್ಲ. ನಕಾಶೆಯ ಮೇಲೆ ನೇರ ಗೆರೆ ಎಳೆದರೇ 20 ಮೀರುತ್ತದೆ, ಹೊಳೆಯ ತಿರುವು ಹಿಡಿದರೆ ಇನ್ನೂ ಹೆಚ್ಚು. ನಡುವಿನ ಯಾವುದಾದರೂ ಊರಲ್ಲಿ ಐದನೇ ವಸ್ತಿ ಹಾಕಿ, ಆರನೇ ದಿನ ಸಂಗಮ. ರಜೆ 5 ದಿನವೇ ಇದ್ದರೆ ಕಮತಗಿಗೆ ಮುಗಿಸಿ. ಕೊನೆಗೆ ಗಾಡಿ ಹತ್ತಿಸಿಕೊಂಡು ಸಂಗಮ ಮುಟ್ಟುವುದರಲ್ಲಿ ಅರ್ಥವಿಲ್ಲ.

ಇನ್ನು "ದಂಡಿ ಹಿಡಿದು" ಅನ್ನುವ ಮಾತು. ಉಪಗ್ರಹದ ಚಿತ್ರದಲ್ಲಿ ದಂಡೆ ಸಲೀಸಾಗಿ ಕಾಣುತ್ತದೆ. ನೆಲದ ಮೇಲೆ ಕಬ್ಬು ನೀರಿನ ಅಂಚಿಗೇ ಬಂದಿರುತ್ತದೆ, ಅದರ ನಡುವೆ ಪಂಪಸೆಟ್ಟಿನ ಪೈಪು, ವೈರು. ಕಬ್ಬಿಲ್ಲದ ಕಡೆ ಬಳ್ಳಾರಿ ಜಾಲಿ. ಹಳ್ಳ ಬಂದು ಸೇರುವಲ್ಲಿ ಎದೆಮಟ್ಟದ ಕೊರಕಲು. ಅಲ್ಲಿ 40 ಮಂದಿಯನ್ನು ನುಗ್ಗಿಸಿದರೆ ತಾಸಿಗೆ 1 ಕಿ.ಮೀ. ಕೂಡ ಸಾಗುವುದಿಲ್ಲ. ಒಂದು ಹೊಲ ಒಳಗೆ ಬಂಡಿದಾರಿ ಇರುತ್ತದೆ. ಊರಿಂದೂರಿಗೆ ಅದನ್ನೇ ಹಿಡಿದು, ದನ ಇಳಿಯುವ ಜಾಗ, ಬಟ್ಟೆ ಒಗೆಯುವ ಜಾಗ, ಗುಡಿಯ ಮೆಟ್ಟಿಲು ಬಂದಲ್ಲಿ ಹೊಳೆಗೆ ಇಳಿಯಿರಿ. ಸಂಗಮದ ಹತ್ತಿರ ನಾರಾಯಣಪುರ ಆಣೆಕಟ್ಟಿನ ಹಿನ್ನೀರು ಹರಡಿಕೊಂಡಿರುತ್ತದೆ, ದಂಡೆ ಎನ್ನುವುದೇ ಕೆಸರು. ಕೊನೆಯ ಹಂತಕ್ಕೆ ಡಾಂಬರು ರಸ್ತೆಯೇ ಗತಿ.

ಹೊಳೆ ದಾಟಲು ಸೇತುವೆ ಮಾತ್ರ. ಪಟ್ಟದಕಲ್ಲು ಪಡುವಣ ದಂಡೆಯಲ್ಲಿದೆ, ಐಹೊಳೆ ಆಚೆ ಕಡೆ, ರಸ್ತೆ ಸೇತುವೆ ಹಿಡಿಯಿರಿ. ಮೊಣಕಾಲುದ್ದ ನೀರು ಕಂಡಿತೆಂದು ಇಳಿದರೆ ಮುಂದಿನ ಹೆಜ್ಜೆಯಲ್ಲೇ ಮರಳು ತೆಗೆದ ಗುಂಡಿ ಆಳುದ್ದ ಇರುತ್ತದೆ. ಬ್ಯಾರೇಜುಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿರುತ್ತಾರೆ. ಮೇಲ್ಭಾಗದಲ್ಲಿ ನಿಂತ ನೀರು ಶಾಂತವಾಗಿ ಕಾಣುವಷ್ಟೇ ಆಳ, ಕೆಳಭಾಗದ ಕಾಂಕ್ರೀಟು ಪಾಚಿ ಹಿಡಿದು ಜಾರುತ್ತದೆ. ಮಕ್ಕಳ ಸ್ನಾನಕ್ಕೆ ಎರಡೂ ಕಡೆ ಬೇಡ. ಹಾಗೆಯೇ ನವಿಲುತೀರ್ಥ ಆಣೆಕಟ್ಟಿನ ಕಾಲುವೆಗಳಲ್ಲಿ ಹಿಂಗಾರಿಗೆ ನೀರು ಬಿಟ್ಟಿದ್ದರೆ ಕೈಕಾಲು ತೊಳೆಯಲೂ ಇಳಿಸಬೇಡಿ. ಹಾಸುಗಲ್ಲಿನ ಇಳಿಜಾರಿನಲ್ಲಿ ಒಮ್ಮೆ ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಕಂಬಿಸಂಗಡಿಗ:

ಹೆಜ್ಜೆಲೆಕ್ಕ ಅಣ್ಣಾರು ದಾರಿ ಸರಿ ಹೇಳ್ಯಾರ. ನಾ ಕಾಲಿನ ಮಾತು ಹೇಳ್ತೀನಿ. ನಮ್ಮ ಕಡೆ ಮಂದಿ ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕ ನಡೀತಾರಲ್ಲ, ಅವರ ಪದ್ಧತಿಯೊಳಗ ನಿಮಗ ಬೇಕಾದ್ದು ಮುಕ್ಕಾಲು ಪಾಲು ಐತಿ.

ಹೊಸ ಬೂಟು, ಹೊಸ ಚಪ್ಪಲಿ ಯಾರೂ ಹಾಕಬಾರ್ದು. ಕಡಿಮಿ ಅಂದ್ರೂ ಒಂದು ತಿಂಗಳು ಮೆಟ್ಟಿದ್ದಿರಬೇಕು. ತೆಳ್ಳನ ಅರಳಿ ಕಾಲುಚೀಲ ಬೆವರು ಹಿಡಿದು ತೊಯ್ದು ಚರ್ಮ ಮೆತ್ತಗ ಮಾಡ್ತಾವ, ಬೊಬ್ಬಿ ಏಳೋದು ಅಲ್ಲೇ. ಎರಡು ಜೋಡಿ ಇಟಗೊಂಡು ನಡುದಾರಿಯೊಳಗ ಬದಲು ಮಾಡ್ರಿ, ತೊಯ್ದದ್ದನ್ನ ಚೀಲದ ಮ್ಯಾಲ ಕಟ್ಟಿ ಒಣಗಿಸ್ರಿ. ಮುಂಜಾನೆ ಬೆರಳಸಂದಿ, ಹಿಮ್ಮಡ, ತೊಡಿಸಂದಿಗೆ ವ್ಯಾಸಲೀನ್ ಹಚ್ಚೋದು. ತೊಡಿ ಉಜ್ಜಿ ಗಾಯ ಆಗೋದು ಮಂದಿ ನಾಚಿಕಿಗೆ ಹೇಳೋದಿಲ್ಲ, ಮೂರನೇ ದಿನ ನಡಿಯಾಕ ಬರದಂಗ ಆದ ಮ್ಯಾಲ ಗೊತ್ತಾಗ್ತದ. ಮೊದಲನೇ ದಿನವೇ ಎಲ್ಲಾರ ಮುಂದ ಬಿಚ್ಚಿ ಹೇಳಿಬಿಡ್ರಿ.

ಕಾಲಾಗ ಎಲ್ಲರೆ ಬಿಸಿ ಹತ್ತಿತು ಅಂದ್ರ ಅಲ್ಲೇ ನಿಂತು ಪಟ್ಟಿ ಹಚ್ಚೋದು, "ಇನ್ನೊಂದು ಮೈಲು" ಅನ್ನಬಾರ್ದು. ಬೊಬ್ಬಿ ಎದ್ದು ನೋಯಿಸಾಕತ್ತಿದ್ರ ಸೂಜಿ ಸ್ಪಿರಿಟ್‌ನ್ಯಾಗ ಒರಸಿ ಅಂಚಿಗೆ ಚುಚ್ಚಿ ನೀರು ತಗೀರಿ, ಚರ್ಮ ಕೀಳಬ್ಯಾಡ್ರಿ, ಮ್ಯಾಲೆ ಬಟ್ಟಿ ಪಟ್ಟಿ. ಸೂಜಿಗೆ ದಾರ ಪೋಣಿಸಿ ಬೊಬ್ಬಿಯೊಳಗ ದಾರ ಬಿಡೋ ರೂಢಿ ಇದ್ದರ ಬಿಡ್ರಿ, ಆ ದಾರದ ಗುಂಟನ ಹೊಲಸು ಒಳಗ ಹೋಗ್ತದ. ಸಕ್ಕರಿ ರೋಗ ಇದ್ದವರ ಕಾಲು ದಿನಾ ಸಂಜೀಕ ಬ್ಯಾರೆಯವರು ನೋಡಬೇಕು, ಅವರಿಗೆ ಗಾಯ ಆದದ್ದೇ ತಿಳಿಯೋದಿಲ್ಲ.

ಹೊಲದಾಗಿನ ಮಾತು. ಹೊತ್ತೇರೂ ಮುಂಚೆ ಕಡ್ಲಿ ಹೊಲ ಹಾಯಬ್ಯಾಡ್ರಿ. ಗಿಡದ ಹುಳಿ ಇಬ್ಬನಿ ಜೊತಿ ಕಾಲಿಗೆ ಬಡಿದು, ಗಾಯ ಇದ್ದಲ್ಲಿ ಉರಿ ಏಳ್ತದ, ಬೂಟಿನ ಚರ್ಮಾನೂ ಕೆಡ್ತದ. ಒಡ್ಡಿನ ಮ್ಯಾಲೆ ಒಬ್ಬರ ಹಿಂದ ಒಬ್ಬರು. ಎರಿ (ಕರಿ ಮಣ್ಣಿನ) ಹೊಲ ಬಿರಿದಿರ್ತಾವ, ಆಯ ತಪ್ಪಿ ಕಾಲು ಸಿಕ್ಕರ ಪಾದ ಉಳುಕೋದು ಖರೆ. ಅಕಾಲ ಮಳಿ ಬಂದ್ರ ಎರಿ ದಾರಿ ಅವತ್ತಿಗೆ ಬಿಟ್ಟುಬಿಡ್ರಿ, ಒಂದೊಂದು ಕಾಲಿಗೆ ಕಿಲೋಗಟ್ಟಲೆ ಮಣ್ಣು ಹತ್ತಿ ತಾಸಿಗೆ ಅರ್ಧ ಮೈಲೂ ಆಗೋದಿಲ್ಲ. ಗರಸಿನ ದಾರಿ ಹಿಡೀರಿ, ಇಲ್ಲಾಂದ್ರ ಡಾಂಬರು.

ಡಾಂಬರಿನ ಮ್ಯಾಲ ಅದು ಕಬ್ಬಿನ ಹಂಗಾಮು ಅನ್ನೋದು ಮರೀಬ್ಯಾಡ್ರಿ. ಎರಡೆರಡು ಟ್ರೇಲರ್ ಜಗ್ಗೋ ಟ್ರ್ಯಾಕ್ಟರಿಗೆ ತಿರುವಿನ್ಯಾಗ ಹಿಂದಿನ ಟ್ರೇಲರ್ ಒಳಕ್ಕ ಸರೀತದ, ಹೇರು ದಾರಿಗೆ ಚಾಚಿರ್ತದ, ಹಿಂದ ದೀಪ ಇರೋದು ಅಪರೂಪ. ಬಲಗಡೆ, ಎದುರು ಬರೋ ಗಾಡಿ ಕಾಣೋ ಹಂಗ, ಒಂದೇ ಸಾಲು. ಮುಂದಿನವಗ, ಕಡೆಯವಗ ಹೊಳೆಯೋ ಜಾಕೀಟು, ಇಬ್ಬರ ಹತ್ರಾನೂ ಸೀಟಿ. ಕಡೆಯವ ಯಾರನ್ನೂ ಹಿಂದ ಬಿಟ್ಟು ನಡೀಬಾರ್ದು, ಅದೊಂದೇ ಅವನ ಕೆಲಸ. ತಲಿ ಎಣಿಸೋದಕಿಂತ ಜೋಡಿ ಮಾಡೋದು ಚೊಲೊ: 20 ಜೋಡಿ, ತಮ್ಮ ಜೋಡಿ ಕಾಣಲಿಲ್ಲಂದ್ರ ಕೂಗು.

ಗಂಟುಮೂಟಿ ಟ್ರ್ಯಾಕ್ಟರಿಗೆ ಹಾಕಿ. ಹೆಗಲಿಗೆ ಒಂದು ಲೀಟರಿನ ಎರಡು ಬಾಟಲಿ, ಟೋಪಿ, ಟವೆಲ್ಲು, ತಿನ್ನಾಕ ಒಂದಿಷ್ಟು, ಅಷ್ಟೇ. ಟ್ರ್ಯಾಕ್ಟರ್ ನಿಮ್ಮ ಜೊತಿ ಬರೋದು ಬ್ಯಾಡ, ಮುಂದಿನ ಊರಿಗೆ ಹೋಗಿ ಒಲಿ ಹೂಡಿರಲಿ. ಸುಸ್ತಾದವರಿಗೆ ಒಂದು ಟಂಟಂ (ಮೂರು ಗಾಲಿ ಗಾಡಿ) ಬ್ಯಾರೆ ಇರಲಿ.

ಹಾವು ಕಡಿದ್ರ ಕೊಯ್ಯೋದು, ಬಿಗಿದು ಕಟ್ಟೋದು, ಮದ್ದು ಹುಡುಕೋದು ಯಾವುದೂ ಬ್ಯಾಡ. ಕಡಿದ ಕೈಕಾಲು ಅಲುಗಾಡಿಸದಂಗ ಇಟ್ಟು 108, ಬಾದಾಮಿ ಇಲ್ಲಾ ಹುನಗುಂದ ತಾಲೂಕು ಆಸ್ಪತ್ರಿ. ಕತ್ತಲಾದ ಮ್ಯಾಲ ಬಯಲಿಗೆ ಹೋಗೋರ ಕೈಯಾಗ ಬ್ಯಾಟರಿ ಇರಲೇಬೇಕು. ಹಳೇ ಗುಡಿ, ಸೇತುವೆ ಕೆಳಗ ಹೆಜ್ಜೇನು ಇದ್ದಲ್ಲಿ ಹಲಗಿ ಬಾರಿಸೋದು, ಪಟಾಕಿ, ಹೊಗಿ ಬ್ಯಾಡ.

ಅಡಿಗಿಮನಿ:

ಊಟದ ಲೆಕ್ಕ ಬರೀತೀನಿ, 40 ಜನಕ್ಕೆ. ಮುಂಜಾನೆ ಒಗ್ಗರಣಿ ಅವಲಕ್ಕಿಗೆ ಮೂರೂವರೆ ಕಿಲೋ ಅವಲಕ್ಕಿ, ಒಂದು ಕಿಲೋ ಶೇಂಗಾ. ರೊಟ್ಟಿ ತಲೆಗೆ ಮೂರರಂತೆ ಹೊತ್ತಿಗೆ 120. ದೊಡ್ಡ ಮೆತ್ತನ್ನ ರೊಟ್ಟಿ ಒಂದು ಕಿಲೋ ಹಿಟ್ಟಿಗೆ ಹತ್ತು-ಹನ್ನೆರಡು ಆಗುತ್ತವೆ, ಅಷ್ಟನ್ನು ಬಡಿಯುತ್ತ ಕೂತರೆ ನಿಮ್ಮ ಹೆಣ್ಣುಮಕ್ಕಳು ನಡೆಯುವುದು ಯಾವಾಗ? ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ಖಡಕ್ ರೊಟ್ಟಿ ಮೊದಲೇ ಮಾಡಿಸಿ ಡಬ್ಬಿ ತುಂಬಿಕೊಳ್ಳಿ, ಸಂಜೆಯದನ್ನು ವಸ್ತಿ ಊರಿನ ಮಹಿಳಾ ಸಂಘದವರಿಗೆ ದುಡ್ಡು ಕೊಟ್ಟು ಹೇಳಿ. ಪುಕ್ಕಟೆ ದಾಸೋಹ ಕೇಳಬೇಡಿ. ಖಡಕ್ ರೊಟ್ಟಿ ಕೆಡುವುದು ಹಳೆಯದಾಗಿ ಅಲ್ಲ, ಆರುವ ಮುಂಚೆ ಡಬ್ಬಿಗೆ ಹಾಕಿದ್ದಕ್ಕೆ. ಬೆವತು ಬೂಸ್ಟು ಬರುತ್ತದೆ.

ಪಲ್ಯಕ್ಕೆ ಝುಣಕ, ಮಡಕಿಕಾಳು. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ಒಣ ಚಮಚದಿಂದಲೇ ತೆಗೆಯಬೇಕು. ಅನ್ನಕ್ಕೆ ಹೊತ್ತಿಗೆ 4 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ. ದಾರಿಗೆ ಶೇಂಗಾ ಹೋಳಿಗೆಯಷ್ಟು ಅನುಕೂಲದ್ದು ಬೇರೆ ಇಲ್ಲ, ವಾರ ಕೆಡುವುದಿಲ್ಲ. ಅಮೀನಗಡದ ಕರದಂಟು ಹತ್ತಿರದಲ್ಲೇ ಸಿಗುತ್ತದೆ ನಿಜ, ಆದರೆ ಬಿಸಿಲಲ್ಲಿ ತಿಂದರೆ ಬಾಯಾರಿಕೆ ಹೆಚ್ಚು, ಸಂಜೆಗೆ ಇಡಿ. 19 ಕಿಲೋ ಸಿಲಿಂಡರ್ ಎರಡು, ಒಂದು ಬಳಕೆಗೆ, ಒಂದು ಕೈಗಾವಲಿಗೆ.

ಕುಡಿಯಲು ದಿನಕ್ಕೆ 200 ಲೀಟರ್, ಅಂದರೆ 20 ಲೀಟರಿನ ಕ್ಯಾನು ಹತ್ತು. ಹೊಳೆ ನೀರು ಬೇಡ. ಊರಲ್ಲಿ ಶುದ್ಧ ನೀರಿನ ಘಟಕ ಇರುತ್ತದೆ, ನಾಣ್ಯ ಹಾಕುವಂಥದ್ದು, ಚಿಲ್ಲರೆ ಒಂದು ಡಬ್ಬಿ ಇಟ್ಟುಕೊಳ್ಳಿ. ಘಟಕ ಕೆಟ್ಟು ನಿಂತಿರುವುದೂ ಅಷ್ಟೇ ಸಾಮಾನ್ಯ, ಹಿಂದಿನ ದಿನ ಫೋನ್ ಮಾಡಿ ಕೇಳಿ. ಯಾರಿಗಾದರೂ ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿಯಾಗಬಾರದು.

ಊಟಕ್ಕಿಂತ ಪಾಯಿಖಾನೆಯೇ ದೊಡ್ಡ ಕೆಲಸ. ವಸ್ತಿ ಜಾಗ ನೋಡಲು ಹೋದಾಗ ಎಷ್ಟು ಇವೆ ಎಂದು ಕೇಳಿ ಸುಮ್ಮನೆ ಬರಬೇಡಿ, ಬಾಗಿಲ ಚಿಲಕ ಹಾಕಿ ನೋಡಿ, ಬಕೀಟು ನೀರು ಸುರಿದು ನೋಡಿ. 40 ಮಂದಿಗೆ ನಾಲ್ಕಾದರೂ ಬೇಕು, ಎರಡು ಹೆಣ್ಣುಮಕ್ಕಳಿಗೇ ಮೀಸಲು. ಬರಿಯ ಎರಡಿದ್ದರೆ ಬೆಳಗಿನ 4ಕ್ಕೇ ಸರದಿ ಶುರುವಾಗುತ್ತದೆ, ಹೊರಡುವುದು 8 ಆಗುತ್ತದೆ, ಹೆಜ್ಜೆಲೆಕ್ಕ ಅಣ್ಣನ ಲೆಕ್ಕವೆಲ್ಲ ಅಲ್ಲೇ ಮುಗಿಯುತ್ತದೆ.

ಹೊಳಿದಂಡಿ:

ಭಾಳ ಉಪಕಾರ ಆತು. 6 ದಿನ ಅಂತ ಬದಲು ಮಾಡಿದ್ವಿ. ಅಕ್ಕಾರ, ವಸ್ತಿಗೆ ಸರಕಾರಿ ಸಾಲಿ ಕೇಳೋದಾ, ಮಠ ಕೇಳೋದಾ? ಮತ್ತ ನಮ್ಮ ತಾರೀಖಿನ ನಡುವ ಎಳ್ಳಮಾಸಿ ಬರೋ ಹಂಗ ಐತಿ, ಏನರ ತೊಂದರಿ?

ಹೆಜ್ಜೆಲೆಕ್ಕ:

ಮಠ, ಕಲ್ಯಾಣಮಂಟಪ ಮೊದಲು. ಶಾಲೆಯಾದರೆ ಮುಖ್ಯ ಗುರುಗಳು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಇಬ್ಬರಿಗೂ ಪತ್ರ ಕೊಡಬೇಕು, ತರಗತಿ ಇರುವ ದಿನ ಬೆಳಿಗ್ಗೆ 8ರೊಳಗೆ ಗುಡಿಸಿ ಖಾಲಿ ಮಾಡಬೇಕು. ಪ್ರತಿ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಪೊಲೀಸ್ ಠಾಣೆಗೆ ಹೆಸರು ಪಟ್ಟಿ ಸಮೇತ ಒಂದೊಂದು ಪ್ರತಿ, ಸಹಿ-ಶಿಕ್ಕಾ ಹಾಕಿಸಿಕೊಂಡ ನಕಲು ನಿಮ್ಮ ಹತ್ತಿರ. ಪಟ್ಟದಕಲ್ಲು, ಐಹೊಳೆಯ ಗುಡಿಗಳ ಆವರಣದಲ್ಲಿ ವಸ್ತಿ, ಅಡುಗೆ ಆಗುವುದಿಲ್ಲ, ಸಂಜೆ ಬಾಗಿಲು ಹಾಕುತ್ತಾರೆ. 15ರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ವಯಸ್ಸಿನ ಗುರುತು ಇಟ್ಟುಕೊಳ್ಳಿ.

ಎಳ್ಳಮಾವಾಸ್ಯೆಯ ದಿನ ಊರಿಗೂರೇ ಚರಗ ಚೆಲ್ಲಲು (ಬೆಳೆಗೆ ಎಡೆ ಚೆಲ್ಲಿ ಪೂಜೆ ಮಾಡಲು) ಹೊಲಕ್ಕೆ ಹೋಗಿರುತ್ತದೆ. 12ಕ್ಕೆ ನೀವು ಊರು ಮುಟ್ಟಿದರೆ ಮಂಟಪದ ಕೀಲಿ ಹಿಡಿದವನೂ ಸಿಗುವುದಿಲ್ಲ. ಕೀಲಿ ಹಿಂದಿನ ದಿನವೇ ತೆಗೆದುಕೊಳ್ಳಿ, ಆ ದಿನದ ನಡಿಗೆಯನ್ನು 8 ಕಿ.ಮೀ.ಗೆ ಇಳಿಸಿ.

ಅಡಿಗಿಮನಿ:

ಆ ದಿನ ಮಧ್ಯಾಹ್ನದ ಅಡುಗೆಯನ್ನೂ ಅರ್ಧ ಮಾಡಿ. ಬಂಡಿದಾರಿಯಲ್ಲಿ ಹೋಗುವವರನ್ನು ಪ್ರತಿ ಹೊಲದವರೂ ಕರೆದು ಸಜ್ಜಿ ರೊಟ್ಟಿ, ಬದನೆಕಾಯಿ, ಭಜ್ಜಿ ಹಾಕುತ್ತಾರೆ, ಬೇಡ ಅನ್ನುವಂತಿಲ್ಲ. ಮೊದಲ ಹೊಲದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ ಅಂತ ಹುಡುಗರಿಗೆ ಹೇಳಿಡಿ. ತಿಂದ ಮೇಲೆ 40 ಮಂದಿಯ ಪತ್ರಾವಳಿ ಎತ್ತಲು ಎರಡು ಖಾಲಿ ಗೋಣಿಚೀಲ ಟಂಟಂನಲ್ಲಿರಲಿ.