ಮಗುವನ್ನು ಮನೆಯಲ್ಲೇ ಉಳಿಸುವ ಕೆಲಸಕ್ಕೆ ‘ಹೊಸ ಪ್ರಯೋಗ’ದ ಅನುದಾನ ಕೇಳುವುದು ಹೇಗೆ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಬ್ಬ ಕಾರ್ಯಕರ್ತೆ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸೇರಿ ನಾಲ್ಕು ವರ್ಷಗಳಿಂದ ಕೊಪ್ಪಳ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಒಂದು ಸಣ್ಣ ಟ್ರಸ್ಟ್ ನಡೆಸುತ್ತಿದ್ದೇವೆ. ಗುಳೆ ಹೋಗುವ ಕುಟುಂಬಗಳ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು ನಮ್ಮ ಮೊದಲ ಉದ್ದೇಶವಾಗಿತ್ತು. ಆ ಕೆಲಸಕ್ಕಾಗಿ ಮನೆಮನೆಗೆ ಹೋಗುತ್ತಿದ್ದಾಗ, ಅಪ್ಪನೋ ಅಮ್ಮನೋ ಬದುಕಿದ್ದರೂ ಕೇವಲ ಬಡತನದ ಕಾರಣಕ್ಕೆ ಮಕ್ಕಳನ್ನು ಬಾಲಮಂದಿರಕ್ಕೋ ಖಾಸಗಿ ಆಶ್ರಮಕ್ಕೋ ಸೇರಿಸಿಬಿಡುವ ಮನೆಗಳು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚಾಗಿವೆ ಎಂಬುದು ತಿಳಿಯಿತು.

ಒಂದು ಮನೆಯ ವಿಷಯ ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ತಾಯಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರು. ಇಬ್ಬರು ಮಕ್ಕಳು ಅಜ್ಜಿಯ ಬಳಿ ಉಳಿದರು. ನಾವು ಮೊದಲ ಸಲ ಹೋದ ದಿನ ಆ ಅಜ್ಜಿ, ‘ನನ್ನ ಕೈಲೆ ಆಗೂದಿಲ್ಲವ್ವಾ, ಎಲ್ಲ್ಯಾರ ಒಂದ್ ಕಡೆ ಸೇರ್ಸಿ ಪುಣ್ಯಾ ಕಟ್ಕೋರಿ’ ಎಂದು ಕೈ ಮುಗಿದರು. ಅವರಿಗೆ ಮೊಮ್ಮಕ್ಕಳು ಬೇಡವಾಗಿರಲಿಲ್ಲ; ಸಂಜೆಯ ಊಟ, ಕಣ್ಣಿನ ಪೊರೆ ಮತ್ತು ದೊಡ್ಡವನ ಶಾಲೆಯ ದೂರ, ಈ ಮೂರು ಅವರಿಗೆ ಭಾರವಾಗಿದ್ದವು. ನಾವು ಪಕ್ಕದ ಮನೆಯವರೊಂದಿಗೆ ಮಾತನಾಡಿ ಊಟದ ವ್ಯವಸ್ಥೆ ಮಾಡಿದೆವು, ಅಜ್ಜಿಯನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಕರೆದೊಯ್ದೆವು, ಹುಡುಗನಿಗೆ ಒಂದು ಹಳೆಯ ಸೈಕಲ್ ಕೊಡಿಸಿದೆವು. ಮಕ್ಕಳು ಈಗಲೂ ಅದೇ ಮನೆಯಲ್ಲಿ ಇದ್ದಾರೆ.

ಈಗ ಕಂಪನಿಯೊಂದರ ಪ್ರತಿಷ್ಠಾನವು ಮಕ್ಕಳ ರಕ್ಷಣೆಯಲ್ಲಿ ಹೊಸ ಪ್ರಯೋಗಗಳಿಗೆ ಅನುದಾನ ನೀಡುವುದಾಗಿ ಅರ್ಜಿ ಕರೆದಿದೆ. ಅರ್ಜಿಯ ಮೊದಲ ಪ್ರಶ್ನೆಯೇ ‘ಇದರಲ್ಲಿ ಹೊಸತೇನು?’ ಎಂಬುದು. ಒಂದು ವರ್ಷದಲ್ಲಿ ಎಷ್ಟು ಮಕ್ಕಳನ್ನು ಫಾಸ್ಟರ್ ಕೇರ್‌ಗೆ ಅಂದರೆ ಮಗುವನ್ನು ದತ್ತು ಪಡೆಯದೆ ತಮ್ಮ ಮನೆಯಲ್ಲಿ ಸಾಕುವ ಪೋಷಕ ಕುಟುಂಬಗಳಿಗೆ ಸೇರಿಸುತ್ತೀರಿ, ಒಂದು ಮಗುವಿಗೆ ತಗಲುವ ವೆಚ್ಚವೆಷ್ಟು ಎಂಬುವು ನಂತರದ ಪ್ರಶ್ನೆಗಳು. ಊಟ, ಸೈಕಲ್, ಆಸ್ಪತ್ರೆಯ ಓಡಾಟ ಇವುಗಳಲ್ಲಿ ಹೊಸತೇನಿದೆ ಎಂದು ಬರೆಯಲಿ? ಕುಟುಂಬ ಒಡೆಯದಂತೆ ತಡೆಯುವ ಕೆಲಸವನ್ನೂ ಪೋಷಕತ್ವವನ್ನೂ ಒಂದೇ ಪ್ರಸ್ತಾವನೆಯಲ್ಲಿ ಸೇರಿಸಬಹುದೇ? ನಮ್ಮ ಕಾರ್ಯಕರ್ತರ ಸಂಬಳವನ್ನು ಕೇಳಿದರೆ ಅರ್ಜಿ ತಿರಸ್ಕೃತವಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಹಿಂದೆ ಕೆಲಸ ಮಾಡಿದವರು

ಮೇಡಂ, ಮೊದಲು ಒಂದು ಎಚ್ಚರಿಕೆಯ ಮಾತು. ‘ವರ್ಷಕ್ಕೆ ಇಷ್ಟು ಮಕ್ಕಳನ್ನು ಪೋಷಕ ಕುಟುಂಬಕ್ಕೆ ಸೇರಿಸುತ್ತೇವೆ’ ಎಂಬ ಗುರಿಯನ್ನು ದಯವಿಟ್ಟು ಬರೆದುಕೊಡಬೇಡಿ. ಬಾಲನ್ಯಾಯ ಕಾಯ್ದೆ 2015ರ 44ನೇ ಕಲಂ ಪ್ರಕಾರ ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವ ಆದೇಶ ಮಾಡಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿ. ಯಾವ ಸಂಸ್ಥೆಗೂ ತಾನಾಗಿ ಆ ಕೆಲಸ ಮಾಡುವ ಅಧಿಕಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಂಖ್ಯೆಯ ಗುರಿ ಇಟ್ಟುಕೊಂಡವರು ತಿಳಿದೋ ತಿಳಿಯದೆಯೋ ಅಜ್ಜಿಯ ಬಳಿ ಉಳಿಯಬಹುದಾಗಿದ್ದ ಮಗುವನ್ನೂ ಲೆಕ್ಕ ತುಂಬಿಸಲು ಬೇರೆ ಮನೆಗೆ ಕಳಿಸುವ ದಾರಿ ಹಿಡಿಯುತ್ತಾರೆ. ಕಾಯ್ದೆಯ 3ನೇ ಕಲಮಿನ ಮೂಲತತ್ವಗಳೇ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ ಎಂದು ಹೇಳುತ್ತವೆ. ಬಡತನವೊಂದೇ ಮಗುವನ್ನು ಹೆತ್ತವರಿಂದ ಬೇರ್ಪಡಿಸಲು ಕಾರಣವಾಗಕೂಡದು ಎಂಬುದನ್ನು 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಪರ್ಯಾಯ ಪಾಲನೆಯ ಮಾರ್ಗಸೂಚಿಗಳೂ ಹೇಳಿವೆ. ನಿಮ್ಮ ಪ್ರಸ್ತಾವನೆ ಈ ಮಾತಿನಿಂದಲೇ ಆರಂಭವಾಗಲಿ.

ನೀವು ಹೇಳಿದ ಮಕ್ಕಳಿಗೆ ಬೇಕಾದದ್ದು ಪೋಷಕತ್ವವಲ್ಲ, ಪ್ರಾಯೋಜಕತ್ವ, ಅಂದರೆ ಮಗು ತನ್ನ ಮನೆಯಲ್ಲಿಯೇ ಉಳಿಯಲು ಕುಟುಂಬಕ್ಕೆ ಸರ್ಕಾರ ಕೊಡುವ ಹಣದ ನೆರವು. ಅದು 45ನೇ ಕಲಮಿನ ಅಡಿಯಲ್ಲಿ ಬರುತ್ತದೆ. ತಾಯಿ ವಿಧವೆಯಾಗಿದ್ದರೆ, ವಿಚ್ಛೇದಿತೆಯಾಗಿದ್ದರೆ ಅಥವಾ ಮನೆಯವರು ಅವರನ್ನು ಕೈಬಿಟ್ಟಿದ್ದರೆ, ಅನಾಥ ಮಕ್ಕಳು ಬಂಧುಗಳ ಮನೆಯಲ್ಲಿದ್ದರೆ, ಹೆತ್ತವರಿಗೆ ಪ್ರಾಣಾಂತಿಕ ಕಾಯಿಲೆ ಬಂದಿದ್ದರೆ ಅಥವಾ ಅಪಘಾತದಿಂದ ದುಡಿಯಲಾರದಂತಾಗಿದ್ದರೆ ಅಂಥ ಮಕ್ಕಳು ಇದಕ್ಕೆ ಅರ್ಹರು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಹಿಂದಿನ ಐಸಿಪಿಎಸ್ (ಸಮಗ್ರ ಮಕ್ಕಳ ರಕ್ಷಣಾ) ಯೋಜನೆಯಲ್ಲಿ ಇದು 2,000 ರೂಪಾಯಿ ಇತ್ತು. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂಪಾಯಿ, ಉಳಿದೆಡೆ 96,000 ರೂಪಾಯಿ ಮೀರಿರಬಾರದು.

ಹಣವಿದೆ, ಕಾನೂನಿದೆ, ಆದರೂ ಆ ಅಜ್ಜಿಯ ಮನೆಗೆ ಅದು ಏಕೆ ತಲುಪಿಲ್ಲ? ನನ್ನ ಅನುಭವದಲ್ಲಿ ಅರ್ಜಿಗಳು ನಿಂತುಬಿಡುತ್ತಿದ್ದದ್ದು ಹೆಚ್ಚಾಗಿ ಕಾಗದಪತ್ರಗಳಲ್ಲಿ. ಅವುಗಳಲ್ಲಿಯೂ ಎಲ್ಲಕ್ಕಿಂತ ಕಷ್ಟದ್ದು ತಂದೆಯ ಮರಣ ಪ್ರಮಾಣಪತ್ರ. ಮರಣದ ನೋಂದಣಿ ಆಗಬೇಕಾದದ್ದು ಮರಣ ಸಂಭವಿಸಿದ ಸ್ಥಳದಲ್ಲಿ. ಗುಳೆ ಹೋದ ಊರಿನಲ್ಲಿ ಸತ್ತವರ ದೇಹವನ್ನು ರಾತ್ರೋರಾತ್ರಿ ಊರಿಗೆ ತಂದು ಮಣ್ಣು ಮಾಡಿರುತ್ತಾರೆ. ಅಲ್ಲಿಯೂ ನೋಂದಣಿ ಆಗಿರುವುದಿಲ್ಲ, ಇಲ್ಲಿಯೂ ಆಗುವುದಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿ ಸಾಧ್ಯವಿಲ್ಲ. ಓದು ಬಾರದ ಅಜ್ಜಿ ಇನ್ನೊಂದು ಜಿಲ್ಲೆಯ ಕಚೇರಿಗೆ ಹೋಗಿ ಈ ಕೆಲಸ ಮಾಡಿಸಿಕೊಂಡು ಬರುವುದು ಹೇಗೆ? ಇದರ ಜೊತೆಗೆ ಆದಾಯ ಪ್ರಮಾಣಪತ್ರ, ಮಗುವಿನ ಆಧಾರ್, ಬ್ಯಾಂಕ್ ಖಾತೆ, ಶಾಲೆಯ ದೃಢೀಕರಣ ಎಲ್ಲವೂ ಕೂಡಿಬರಬೇಕು. ಬಳಿಕ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಭೇಟಿ ಕೊಟ್ಟು ವರದಿ ಬರೆಯುತ್ತಾರೆ. ಅದು ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿಯ ಮುಂದೆ ಹೋಗುತ್ತದೆ. ಸಮಿತಿ ಒಪ್ಪಿದ ಮೇಲೂ ಹಣ ಖಾತೆಗೆ ಬರಲು ತಿಂಗಳುಗಳು ಹಿಡಿಯುವುದುಂಟು.

ಮಗು ಬಾಲಮಂದಿರದ ಬಾಗಿಲಿಗೆ ಬರುವುದು ಈ ನಡುವಿನ ತಿಂಗಳುಗಳಲ್ಲಿಯೇ. ಆದ್ದರಿಂದ ‘ಹೊಸತೇನು’ ಎಂಬ ಪ್ರಶ್ನೆಗೆ ನಿಮ್ಮ ಉತ್ತರ ಹೀಗಿರಬಹುದೆಂದು ನನಗೆ ತೋರುತ್ತದೆ: ಕುಟುಂಬ ಕಷ್ಟಕ್ಕೆ ಸಿಕ್ಕಿದ ಸುದ್ದಿ ತಿಳಿದ ಕೆಲವೇ ದಿನಗಳಲ್ಲಿ ಒಬ್ಬ ಕಾರ್ಯಕರ್ತೆ ಆ ಮನೆಗೆ ತಲುಪುವುದು, ಸರ್ಕಾರದ ಹಣ ಬರುವವರೆಗೆ ಮಾತ್ರ ಒಂದು ಸಣ್ಣ ಮೊತ್ತದಿಂದ ಮನೆಯನ್ನು ಆಧರಿಸುವುದು ಮತ್ತು ಆ ಅವಧಿಯಲ್ಲಿ ದಾಖಲೆಗಳನ್ನು ಪೂರ್ತಿ ಮಾಡಿಸಿ ಮಗುವನ್ನು ಪ್ರಾಯೋಜಕತ್ವಕ್ಕೆ ಸೇರಿಸುವುದು. ದಾನಿಯ ಹಣ ಇಲ್ಲಿ ಸರ್ಕಾರದ ಹಣಕ್ಕೆ ಬದಲಾಗಿ ನಿಲ್ಲುವುದಿಲ್ಲ, ಅದನ್ನು ಮನೆಯವರೆಗೆ ಕರೆತರುತ್ತದೆ. ಸುದ್ದಿ ಬೇಗ ತಿಳಿಯಲು ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮತ್ತು ಪಂಚಾಯಿತಿಯ ಮಕ್ಕಳ ಗ್ರಾಮಸಭೆ ನಿಮಗೆ ನೆರವಾಗುತ್ತಾರೆ. ಮಕ್ಕಳ ಗ್ರಾಮಸಭೆಯಲ್ಲಿ ‘ನಮ್ಮ ಗೆಳತಿ ಶಾಲೆಗೆ ಬರುತ್ತಿಲ್ಲ’ ಎಂದು ಮಗುವೊಂದು ಎದ್ದು ಹೇಳಿದ್ದರಿಂದಲೇ ನಮಗೆ ಒಂದು ಮನೆಯ ಸ್ಥಿತಿ ತಿಳಿದಿತ್ತು.

ಪೋಷಕತ್ವವನ್ನು ಅದೇ ಪ್ರಸ್ತಾವನೆಯಲ್ಲಿ ಸೇರಿಸಿ, ಆದರೆ ಎರಡನೆಯ ಭಾಗವಾಗಿ. ಈಗಾಗಲೇ ಮಕ್ಕಳ ಪಾಲನಾ ಸಂಸ್ಥೆಯಲ್ಲಿದ್ದು, ಯಾರೂ ನೋಡಲು ಬಾರದ, ಮನೆಗೆ ಮರಳುವ ದಾರಿ ನಿಜವಾಗಿಯೂ ಮುಚ್ಚಿಹೋಗಿರುವ ದೊಡ್ಡ ಮಕ್ಕಳಿಗೆ ಅದು ಬೇಕು. 2024ರಲ್ಲಿ ಪರಿಷ್ಕೃತವಾದ ಮಾದರಿ ಮಾರ್ಗಸೂಚಿಯು ಒಂಟಿ ವ್ಯಕ್ತಿಗಳಿಗೂ ಪೋಷಕರಾಗಲು ಅವಕಾಶ ಕೊಟ್ಟಿದೆ. ಮಗು ಎರಡು ವರ್ಷ ಅವರ ಬಳಿ ಬೆಳೆದ ಮೇಲೆ ದತ್ತು ಪಡೆಯುವ ದಾರಿಯೂ ತೆರೆದಿದೆ. ಇದಕ್ಕೆ ಮೊದಲು ಐದು ವರ್ಷ ಕಾಯಬೇಕಿತ್ತು.

ಉತ್ತರ 2: ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದಲ್ಲಿ ಅರ್ಜಿಗಳನ್ನು ಪರಿಶೀಲಿಸಿದವರು

ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನಾನು ಮೇಜಿನ ಆ ಬದಿಯಲ್ಲಿ ಕುಳಿತು ಕಂಡದ್ದನ್ನು ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ನಮ್ಮ ಮುಂದೆ ಎರಡು ಪ್ರಸ್ತಾವನೆಗಳು ಬಂದಿದ್ದವು. ಒಂದು ಅನಾಥಾಲಯಕ್ಕೆ ಹೊಸ ಕಟ್ಟಡ, ಇನ್ನೊಂದು ನಿಮ್ಮಂಥದೇ ಕೆಲಸ. ನಾವು ಕಟ್ಟಡವನ್ನು ಆರಿಸಿದೆವು. ಈ ಹಣವನ್ನು ಯಾವ ಕೆಲಸಗಳಿಗೆ ಕೊಡಬಹುದೆಂದು ಪಟ್ಟಿ ಮಾಡುವ ಕಂಪನಿಗಳ ಕಾಯ್ದೆ 2013ರ ಏಳನೆಯ ಅನುಸೂಚಿಯಲ್ಲಿ ಅನಾಥರಿಗಾಗಿ ಮನೆ ಮತ್ತು ವಸತಿನಿಲಯಗಳನ್ನು ಸ್ಥಾಪಿಸುವುದು ಎಂಬ ಮಾತು ನೇರವಾಗಿಯೇ ಇದೆ. ಕುಟುಂಬದಲ್ಲಿ ಉಳಿಸುವುದು ಎಂಬ ಮಾತಿಲ್ಲ. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ನೋವಿದೆ. ಅದೇ ಅನುಸೂಚಿಯಲ್ಲಿ, ಅದೇ ಅಂಶದಲ್ಲಿ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದವರು ಎದುರಿಸುವ ಅಸಮಾನತೆಯನ್ನು ತಗ್ಗಿಸುವ ಕ್ರಮಗಳೂ ಇವೆ. ಬಡತನ ನಿವಾರಣೆ ಮತ್ತು ಶಿಕ್ಷಣ ಬೇರೆ ಅಂಶಗಳಾಗಿ ಇವೆ. ನಿಮ್ಮ ಕೆಲಸ ಇವುಗಳಲ್ಲಿ ಯಾವುದರ ಅಡಿಯಲ್ಲಿ ಬರುತ್ತದೆ ಎಂಬುದನ್ನು ಪ್ರಸ್ತಾವನೆಯ ಮೊದಲ ಪುಟದಲ್ಲಿಯೇ ನೀವಾಗಿ ಬರೆಯಿರಿ. ಪರಿಶೀಲಿಸುವವರು ಹುಡುಕಿಕೊಳ್ಳುತ್ತಾರೆ ಎಂದು ಬಿಡಬೇಡಿ.

ಸಂಬಳದ ಬಗ್ಗೆ ಅಂಜಬೇಡಿ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮವನ್ನು ಅನೇಕ ಸಂಸ್ಥೆಗಳು ತಪ್ಪಾಗಿ ತಿಳಿದು, ಕಾರ್ಯಕರ್ತರ ಸಂಬಳವನ್ನು ಅದರೊಳಗೆ ತುರುಕಲು ಹೋಗಿ ಕೆಲಸವನ್ನೇ ಕೆಡಿಸಿಕೊಳ್ಳುತ್ತವೆ. ಆ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ಕಾರ್ಯದ ಸಾಮಾನ್ಯ ಆಡಳಿತಕ್ಕೆ ಮಾಡುವ ವೆಚ್ಚಕ್ಕೆ. ಒಂದು ನಿರ್ದಿಷ್ಟ ಯೋಜನೆಯ ರೂಪರೇಖೆ, ಅನುಷ್ಠಾನ, ಮೇಲ್ವಿಚಾರಣೆ ಮತ್ತು ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ. ನಿಮ್ಮ ಕೆಲಸದಲ್ಲಿ ಮನೆಗೆ ಹೋಗುವ ಕಾರ್ಯಕರ್ತೆಯೇ ಯೋಜನೆ. ಅವರ ಸಂಬಳ, ಬಸ್ ಖರ್ಚು, ಫೋನ್ ಖರ್ಚು ಎಲ್ಲವೂ ಅನುಷ್ಠಾನದ ವೆಚ್ಚವೆಂದು ಸ್ಪಷ್ಟವಾಗಿ ತೋರಿಸಿ.

ಅರ್ಜಿ ಹಾಕುವ ಮೊದಲು ಆದಾಯ ತೆರಿಗೆಯ 12ಎ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ ಹಾಗೂ ಕಂಪನಿಗಳ ಈ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನಮೂನೆಯ ನೋಂದಣಿ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು. ಮೂರು ವರ್ಷಗಳ ಕೆಲಸದ ದಾಖಲೆ ಬೇಕೆಂಬ ನಿಯಮವನ್ನು ನೀವು ಈಗಾಗಲೇ ದಾಟಿದ್ದೀರಿ. ಸಾಧ್ಯವಾದರೆ ಒಂದು ವರ್ಷಕ್ಕಲ್ಲ, ‘ಮುಂದುವರಿಯುವ ಯೋಜನೆ’ ಎಂದು ಕೇಳಿ. ಆರಂಭದ ಆರ್ಥಿಕ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ಅದಕ್ಕೆ ಅವಕಾಶವಿದೆ. ಮಾರ್ಚ್ 31ಕ್ಕೆ ಹಣ ನಿಂತಿತೆಂದು ಏಪ್ರಿಲ್‌ನಲ್ಲಿ ಆ ಅಜ್ಜಿಯ ಮನೆಗೆ ಹೋಗುವುದನ್ನು ನಿಲ್ಲಿಸಲಾಗದು.

‘ಹೊಸತು’ ಎಂಬ ಪದ ನಿಮ್ಮನ್ನು ಹೆದರಿಸದಿರಲಿ. ಇಂಗ್ಲೆಂಡಿನ ಶಿಕ್ಷಣ ಇಲಾಖೆ 2014ರಲ್ಲಿ ಮಕ್ಕಳ ಸಾಮಾಜಿಕ ಪಾಲನೆಗೆಂದೇ ಒಂದು ನಾವೀನ್ಯ ಅನುದಾನ ಕಾರ್ಯಕ್ರಮವನ್ನು ಆರಂಭಿಸಿತು. ಅದರಡಿ ಹರ್ಟ್‌ಫರ್ಡ್‌ಶೈರ್ ಕೌಂಟಿ ಮಾಡಿದ ಪ್ರಯೋಗವೆಂದರೆ, ಮಗುವಿನ ಸಮಾಜ ಕಾರ್ಯಕರ್ತರ ತಂಡದಲ್ಲಿಯೇ ಹೆತ್ತವರ ಕುಡಿತ, ಮಾನಸಿಕ ಆರೋಗ್ಯ ಮತ್ತು ಮನೆಯೊಳಗಿನ ಹಿಂಸೆಯ ವಿಷಯದಲ್ಲಿ ಕೆಲಸ ಮಾಡುವವರನ್ನು ಕೂರಿಸಿದ್ದು. ಆ ಕೆಲಸಗಾರರೆಲ್ಲ ಮೊದಲೂ ಬೇರೆ ಬೇರೆ ಕಚೇರಿಗಳಲ್ಲಿ ಇದ್ದರು; ಒಂದೇ ಮನೆಗೆ ಒಂದೇ ತಂಡವಾಗಿ ಹೋಗಿದ್ದೇ ಹೊಸತು. ನಿಮ್ಮಲ್ಲಿ ಗ್ರಾಮ ಪಂಚಾಯಿತಿ, ಶಾಲೆ, ಆಸ್ಪತ್ರೆ, ರಕ್ಷಣಾ ಘಟಕ ಎಲ್ಲ ಇವೆ. ಅವುಗಳ ನಡುವೆ ಓಡಾಡುವವರು ಮಾತ್ರ ಇಲ್ಲ.

ಫಲಿತಾಂಶದ ಕಾಲಂನಲ್ಲಿ, ಕೆಲಸ ಆರಂಭಿಸಿ ಹನ್ನೆರಡು ತಿಂಗಳ ನಂತರವೂ ಮನೆಯಲ್ಲಿಯೇ ಇರುವ ಮಕ್ಕಳು, ಅವರ ಶಾಲಾ ಹಾಜರಿ, ಅರ್ಜಿ ಕೊಟ್ಟ ದಿನದಿಂದ ಪ್ರಾಯೋಜಕತ್ವದ ಮೊದಲ ಕಂತು ಬಂದ ದಿನದವರೆಗಿನ ಅವಧಿ ಇವನ್ನು ಬರೆಯಿರಿ. ಮನೆಯಲ್ಲಿ ಉಳಿಸುವುದು ಸುರಕ್ಷಿತವಲ್ಲವೆಂದು ಕಂಡು ನೀವೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ ಮಕ್ಕಳ ಸಂಖ್ಯೆಯನ್ನೂ ಬರೆಯಿರಿ. ಅದನ್ನು ಸೋಲೆಂದು ಮುಚ್ಚಿಡುವ ಸಂಸ್ಥೆಗಿಂತ ತೆರೆದಿಡುವ ಸಂಸ್ಥೆಯನ್ನು ನಾನು ಹೆಚ್ಚು ನಂಬುತ್ತೇನೆ.

ಉತ್ತರ 3: ಪೋಷಕ ತಾಯಿ, ಮೈಸೂರು

ನಮ್ಮ ಮನೆಯಲ್ಲಿ ಪೋಷಕತ್ವದಡಿ ಒಬ್ಬಳು ಹುಡುಗಿ ಬೆಳೆಯುತ್ತಿದ್ದಾಳೆ. ಪೋಷಕತ್ವದ ಭಾಗವನ್ನು ಬರೆಯುವಾಗ ದಯವಿಟ್ಟು ಮಗು ಮನೆಗೆ ಬಂದ ನಂತರದ ದಿನಗಳಿಗೂ ಹಣ ಕೇಳಿ. ಮಕ್ಕಳ ಕಲ್ಯಾಣ ಸಮಿತಿಯವರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಕಾಯ್ದೆಯಲ್ಲಿದೆ, ಆದರೆ ಪರಿಶೀಲನೆ ಬೇರೆ, ಆಸರೆ ಬೇರೆ. ಮೊದಲ ಮೂರು ತಿಂಗಳು ಅವಳು ತಟ್ಟೆಯಲ್ಲಿದ್ದ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು, ರಾತ್ರಿ ಎದ್ದು ಬಾಗಿಲ ಬಳಿ ಕೂರುತ್ತಿದ್ದಳು. ಗದರಬೇಕೋ ಸುಮ್ಮನಿರಬೇಕೋ ಎಂದು ಕೇಳಲು ನಮಗೆ ಯಾರೂ ಇರಲಿಲ್ಲ. ಇನ್ನೊಂದು ಪೋಷಕ ಕುಟುಂಬದ ಪರಿಚಯವಾದ ಮೇಲೆ, ಅವರ ಮನೆಯ ಮಗುವೂ ಹಾಗೆಯೇ ಮಾಡುತ್ತಿತ್ತೆಂದು ತಿಳಿದು ನಾನು ಅಂದು ಬಹಳ ಹೊತ್ತು ಅತ್ತೆ. ಅಕ್ಕಪಕ್ಕದ ತಾಲ್ಲೂಕುಗಳ ಪೋಷಕ ಕುಟುಂಬಗಳು ತಿಂಗಳಿಗೊಮ್ಮೆ ಒಂದೆಡೆ ಸೇರುವ ಖರ್ಚು, ಒಬ್ಬ ಆಪ್ತಸಮಾಲೋಚಕರ ಗೌರವಧನ, ಇವೆರಡನ್ನು ಖಂಡಿತ ಸೇರಿಸಿ. ಮಗು ತನ್ನ ಸ್ವಂತ ತಾಯಿಯನ್ನೋ ತಮ್ಮನನ್ನೋ ನೋಡಲು ಹೋಗಿಬರುವ ಪ್ರಯಾಣದ ಖರ್ಚನ್ನೂ ಬಿಡಬೇಡಿ. ಸಮಿತಿ ಬೇಡವೆನ್ನದಿದ್ದರೆ ಹೆತ್ತವರು ಭೇಟಿಯಾಗಲು ಕಾನೂನು ಅವಕಾಶ ಕೊಡುತ್ತದೆ, ಆದರೆ ಬಸ್ಸಿನ ದುಡ್ಡು ಯಾರ ಬಳಿಯೂ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ. ಅರ್ಜಿಯ ಜೊತೆಗೆ ‘ಫಲಾನುಭವಿ ಮಕ್ಕಳ ಫೋಟೋ ಮತ್ತು ಕಥೆ’ ಲಗತ್ತಿಸಬೇಕೆಂದು ಕೇಳಿದ್ದಾರೆ. ಅಜ್ಜಿ ಫೋಟೋಕ್ಕೆ ಒಪ್ಪಿದ್ದಾರೆ. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1 ಬರೆದವರು

ನಿಮ್ಮ ಮನಸ್ಸು ಹೇಳುತ್ತಿರುವುದು ಸರಿ. ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವ ಯಾವುದೇ ವಿವರವನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ನೀವು ಕೊಟ್ಟ ಫೋಟೋ ನಾಳೆ ಕಂಪನಿಯ ವಾರ್ಷಿಕ ವರದಿಯಲ್ಲಿಯೋ ಜಾಲತಾಣದಲ್ಲಿಯೋ ಬರುವುದನ್ನು ನೀವು ತಡೆಯಲಾರಿರಿ, ಅಜ್ಜಿಗೆ ಅದೆಲ್ಲ ಗೊತ್ತಿರಲು ಸಾಧ್ಯವಿಲ್ಲ. ಆ ಜಾಗದಲ್ಲಿ ಈ ಕಲಮನ್ನು ಉಲ್ಲೇಖಿಸಿ ಒಂದು ಪ್ಯಾರಾ ಬರೆಯಿರಿ, ಊರು ಮತ್ತು ವಯಸ್ಸು ತಿಳಿಯದಂತೆ ಮನೆಯ ಸ್ಥಿತಿಯನ್ನು ವಿವರಿಸಿ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡುತ್ತೇನೆ. ಮೇಲಿನ ಮಾತುಗಳನ್ನು ಓದಿದ ಮೇಲೆ ಆ ಮನೆಯ ಕಾಗದಗಳನ್ನು ಮತ್ತೆ ತೆಗೆದು ನೋಡಿದೆ. ತಂದೆಯ ಮರಣದ ನೋಂದಣಿ ಆಗಿಲ್ಲ. ಅವರು ತೀರಿಕೊಂಡದ್ದು ಗೋವಾದಲ್ಲಿ ಕೆಲಸದ ಸ್ಥಳದಲ್ಲಿ, ವರ್ಷ ತುಂಬಲು ಇನ್ನೂ ಏಳು ವಾರಗಳಿವೆ. ಅರ್ಜಿಯ ಕೊನೆಯ ದಿನಾಂಕ ಅದಕ್ಕಿಂತ ಮೊದಲೇ ಇದ್ದರೂ, ನಾನೂ ಮಕ್ಕಳ ಸೋದರಮಾವನೂ ಸೋಮವಾರ ಮೊದಲು ಅಲ್ಲಿಗೇ ಹೋಗುತ್ತಿದ್ದೇವೆ.