ಸಹಾಯ ಬೇಕು: ಎರಡು ವರ್ಷದ ಮಗ, ಮೂರು ತಿಂಗಳ ಪಾಪು, ಒಬ್ಬಳೇ ಕರ್ಕೊಂಡು ಓಡಾಡೋದು ಹೇಗೆ?

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಬಾಣಂತನ ಮುಗಿಸಿ ಅಮ್ಮ ಮುಂದಿನ ವಾರ ಊರಿಗೆ ಹೊರಡುತ್ತಾರೆ, ಆಮೇಲೆ ಹಗಲೆಲ್ಲಾ ನಾನೊಬ್ಬಳೇ. ಲಸಿಕೆ, ಪಾರ್ಕು, ತರಕಾರಿ ಎಲ್ಲದಕ್ಕೂ ಇಬ್ಬರನ್ನೂ ಹೊರಡಿಸಬೇಕು.

ಡಬಲ್ ಸ್ಟ್ರೋಲರ್ (ಇಬ್ಬರು ಮಕ್ಕಳನ್ನು ಕೂರಿಸಿ ತಳ್ಳೋ ಗಾಡಿ) ನೋಡಿದೆ. ಅಕ್ಕಪಕ್ಕ ಸೀಟಿರುವುದು ನಮ್ಮ ಗೇಟಿನಲ್ಲೇ ತೂರುವುದಿಲ್ಲ (ಟೇಪ್ ಹಿಡಿದು ಅಳೆದೆ, ಗೇಟು 70 ಸೆಂ.ಮೀ. ಅಷ್ಟೇ). ಹಿಂದೆ ಮುಂದೆ ಸೀಟಿರುವುದು ಉದ್ದ ಜಾಸ್ತಿ, ಆಟೊದಲ್ಲಿ ಹಾಕೋದು ಕಷ್ಟ ಅಲ್ವಾ? ಮೇಲಾಗಿ ಪಾಪುಗೆ ಇನ್ನೂ ಕತ್ತು ಸರಿಯಾಗಿ ನಿಂತಿಲ್ಲ, ಪೂರ್ತಿ ಮಲಗಿಸುವಂಥ ಸೀಟೇ ಬೇಕು. ಫುಟ್‌ಪಾತ್ ಕಥೆ ಬಿಡಿ, ಎದ್ದ ಚಪ್ಪಡಿ, ಇಲ್ಲಾಂದ್ರೆ ಯಾರದೋ ಬೈಕು.

ನಿನ್ನೆ ಪಾಪುನ ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ದೊಡ್ಡವನ ಕೈ ಹಿಡಿದು ಹೊರಟೆ. ಹಾಲಿನ ಬೂತ್ ತನಕ ಚೆನ್ನಾಗೇ ಇತ್ತು, ಅಲ್ಲಿ ನಾಯಿಮರಿ ಕಂಡಿದ್ದೇ ತಡ ಕೈ ಕೊಸರಿಕೊಂಡು ರಸ್ತೆಗೇ ಓಡಿದ, ನನಗೆ ಬಗ್ಗಿ ಹಿಡಿಯೋಕೂ ಆಗಲಿಲ್ಲ. ಹೂ ಮಾರುವ ಅಜ್ಜಿ ಹಿಡಿದುಕೊಂಡರು.

ಸ್ಕೂಟರ್ ಸಲಹೆ ಮಾತ್ರ ಬೇಡ ಪ್ಲೀಸ್.

ಈಗಿನ ಯೋಚನೆ ಅಂದ್ರೆ ದೊಡ್ಡವನು ಹಳೇ ಸಿಂಗಲ್ ಸ್ಟ್ರೋಲರಿನಲ್ಲಿ, ಪಾಪು ಎದೆಯ ಮೇಲೆ. ಹೀಗೆ ಮಾಡಿದವರು ಇದ್ದೀರಾ? ಬೆನ್ನು ನೋವು ಬರುತ್ತಾ? ಆಟೊ ಹತ್ತುವಾಗ ಮೊದಲು ಯಾರನ್ನು ಕೂರಿಸ್ತೀರಿ?